ನಡೆಯುವ ಆಟಿಕೆ ಮತ್ತು ನಮ್ಮ ಅವಲೋಕನಾ ನಮೂನೆ

ಬೋಧನಾಭ್ಯಾಸದ ವಿಜ್ಞಾನ ಪಾಠಗಳಲ್ಲಿ ಈಚೆಗೆ ನಾನು ಹೊಸದೊಂದು ಬೋಧನೋಪಕರಣವನ್ನು ನೋಡುತ್ತಿದ್ದೇನೆ. ಲೆಗೊ ಮಾದರಿಯ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿ, ಪುಟ್ಟ ಮೋಟಾರು ಕೂರಿಸಿ ಮಾಡಿದ ನಾಲ್ಕು ಕಾಲಿನ ಪ್ರಾಣಿ ಅದು. ಪ್ರಶಿಕ್ಷಣಾರ್ಥಿ ಅದನ್ನು ಕೈಪಿಡಿ ನೋಡಿಕೊಂಡು ಮೊದಲೇ ಜೋಡಿಸಿ ತರುತ್ತಾರೆ. ಮೇಜಿನ ಮೇಲಿಟ್ಟು ಗುಂಡಿ ಒತ್ತಿದರೆ ಅದು ನಾಲ್ಕು ಹೆಜ್ಜೆ ಇಡುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅವಲೋಕನಾ ನಮೂನೆಯಲ್ಲಿ ‘ಬೋಧನೋಪಕರಣದ ಬಳಕೆ’ ಎಂಬ ಸಾಲಿಗೆ ಪೂರ್ಣ ಅಂಕ ಬೀಳುತ್ತದೆ. ಆದರೆ ಆ ತರಗತಿಯಲ್ಲಿ ಕಲಿತವರು ಯಾರು? ಮನೆಯಲ್ಲಿ ಕೂತು ಜೋಡಿಸಿದವರು ಮಾತ್ರ. ಮಕ್ಕಳ ಪಾಲಿಗೆ ಅದು ಜಾತ್ರೆಯ ಆಟಿಕೆಗಿಂತ ಹೆಚ್ಚಿನದೇನೂ ಆಗಿರುವುದಿಲ್ಲ.

ನನ್ನ ವಾದ ಇಷ್ಟೇ: ಇಂಥ ಪ್ರಾಣಿ ತರಗತಿಗೆ ಸಿದ್ಧವಾಗಿ ಬರಬಾರದು. ಅದು ಮಕ್ಕಳ ಕಣ್ಣೆದುರು, ಅವರ ಕೈಯಲ್ಲೇ ಒಂದೆರಡು ಸಲ ಮಗುಚಿ ಬೀಳಬೇಕು. ಪಾಠ ಇರುವುದು ಆ ಬೀಳುವಿಕೆಯಲ್ಲಿ.

ಯಂತ್ರವನ್ನು ನಾಲ್ಕು ಕಾಲ ಮೇಲೆ ನಡೆಸುವುದು ಸುಲಭದ ಕೆಲಸವಲ್ಲ. ಸುತ್ತೂರು ಮಠಕ್ಕೆ ಬಂದಿರುವ ‘ಶಿವ’ ಎಂಬ ಯಾಂತ್ರಿಕ ಆನೆಯನ್ನೇ ನೋಡಿ. ಅದು ಕಿವಿ ಬೀಸುತ್ತದೆ, ಸೊಂಡಿಲು ಎತ್ತುತ್ತದೆ. ಸಾಗುವುದು ಮಾತ್ರ ಗಾಲಿಗಳ ಮೇಲೆ. ಯಾಕೆ ಎಂದು ಮಕ್ಕಳನ್ನು ಕೇಳಿದರೆ ಪಾಠದ ಪೀಠಿಕೆ ಅಲ್ಲೇ ಸಿಕ್ಕಿತು.

ಆಯತದ ನಾಲ್ಕು ಮೂಲೆಗಳಲ್ಲಿ ಕಾಲಿರುವ ಪ್ರಾಣಿಯೊಂದನ್ನು ಊಹಿಸಿಕೊಳ್ಳಿ. ಅದರ ಗುರುತ್ವ ಕೇಂದ್ರ ಸರಿಯಾಗಿ ನಡುವಿನಲ್ಲಿದೆ. ಒಂದು ಕಾಲು ಎತ್ತಿದರೆ ಉಳಿದ ಮೂರು ಕಾಲುಗಳು ನೆಲದ ಮೇಲೆ ತ್ರಿಭುಜವೊಂದನ್ನು ಮಾಡುತ್ತವೆ. ಗುರುತ್ವ ಕೇಂದ್ರ ಆ ತ್ರಿಭುಜದ ಒಳಗಿರುವುದಿಲ್ಲ, ಕರ್ಣದ ಗೆರೆಯ ಮೇಲೇ ಇರುತ್ತದೆ. ಹಾಗಾಗಿ ಸ್ವಲ್ಪ ಅಲುಗಾಡಿದರೂ ಪ್ರಾಣಿ ಬೀಳುತ್ತದೆ. ಬ್ಯಾಟರಿ ಡಬ್ಬಿಯೇ ಭಾರವಾದ್ದರಿಂದ ಅದನ್ನು ಮುಂದಕ್ಕೆ ಸರಿಸೋಣ ಎಂದು ಮಕ್ಕಳು ಹೇಳುತ್ತಾರೆ. ಸರಿಸಿದರೆ ಹಿಂಗಾಲು ಎತ್ತುವುದು ಸಲೀಸಾಗುತ್ತದೆ, ಮುಂಗಾಲು ಎತ್ತಿದಾಗ ಮೂತಿ ನೆಲಕ್ಕೆ ಬಡಿಯುತ್ತದೆ. ಪಾದ ಅಗಲ ಮಾಡೋಣ ಎನ್ನುತ್ತದೆ ಒಂದು ಗುಂಪು. ಹೆಜ್ಜೆ ಚಿಕ್ಕದು ಮಾಡೋಣ ಎನ್ನುತ್ತದೆ ಇನ್ನೊಂದು. ಗುರುತ್ವ ಕೇಂದ್ರದ ವ್ಯಾಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಹತ್ತು ಸಲ ಓದಿಸಿದರೂ ಇಷ್ಟು ಯೋಚನೆ ಹುಟ್ಟುವುದಿಲ್ಲ.

ಹಲ್ಲುಚಕ್ರದ ಮಾತೂ ಹೀಗೆಯೇ. ಮೋಟಾರನ್ನು ನೇರವಾಗಿ ಕಾಲಿಗೆ ಜೋಡಿಸಿದರೆ ಕಾಲು ಗಿರ್ರನೆ ತಿರುಗುತ್ತದೆ, ಇಲ್ಲವೇ ಮೈಭಾರಕ್ಕೆ ನಿಂತುಬಿಡುತ್ತದೆ. 8 ಹಲ್ಲಿನ ಚಕ್ರದಿಂದ 40 ಹಲ್ಲಿನ ಚಕ್ರವನ್ನು ತಿರುಗಿಸಿದರೆ ವೇಗ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಘರ್ಷಣೆಯ ನಷ್ಟ ಬಿಟ್ಟರೆ ತಿರುಗಿಸುವ ಬಲ ಐದು ಪಟ್ಟಾಗುತ್ತದೆ. ಮಕ್ಕಳೇ ಹಲ್ಲು ಎಣಿಸಲಿ, ಅವರೇ ಭಾಗಿಸಲಿ. ಅನುಪಾತದ ಗಣಿತ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಇದು ಹೊಸ ಮಾತೇನಲ್ಲ. ಸೀಮೋರ್ ಪ್ಯಾಪರ್ಟ್ 1980ರಲ್ಲಿ ಬರೆದ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದ ಒಂದು ಮುಖ್ಯ ವಿಚಾರ ಇದೇ. ಮಗು ಏನನ್ನಾದರೂ ಕಟ್ಟುತ್ತಾ, ದೋಷ ಹುಡುಕಿ ಸರಿಪಡಿಸುತ್ತಾ ಕಲಿಯುತ್ತದೆ ಎಂದು ಅವರು ವಾದಿಸಿದರು. ಲೆಗೊ ಕಂಪನಿ 1998ರಲ್ಲಿ ತಂದ ರೋಬಾಟ್ ಕಿಟ್‌ಗೆ ಆ ಪುಸ್ತಕದ ಹೆಸರನ್ನೇ ಇಟ್ಟಿತು. ರಚನಾವಾದವನ್ನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆಯುವ ನಮ್ಮ ಪ್ರಶಿಕ್ಷಣಾರ್ಥಿಗಳು ತರಗತಿಗೆ ಬಂದಾಗ ಮಾತ್ರ ಸಿದ್ಧ ಮಾದರಿ ಹಿಡಿದು ಬರುತ್ತಾರೆ. ತಪ್ಪು ಅವರದಲ್ಲ. ‘ಪಾಠ ಪೂರ್ಣಗೊಂಡಿತೇ?’, ‘ಉಪಕರಣ ಕೆಲಸ ಮಾಡಿತೇ?’ ಎಂದು ಕೇಳುವ ನಮೂನೆಯ ಎದುರು ಅಂಕ ಬೇಕಾದವರು ಇನ್ನೇನು ಮಾಡಿಯಾರು?

ಒಂದು ಆಕ್ಷೇಪ ನಿಜಕ್ಕೂ ತೂಕದ್ದು. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ರಾವಂದೂರು ಸುತ್ತಿನ ಹಳ್ಳಿಶಾಲೆಯ ಮಕ್ಕಳಿಗೆ ಕಿಟ್ ಎಲ್ಲಿಂದ ತರುವುದು? ಕಾಲೇಜಿನಿಂದ ಒಂದು ಕಿಟ್ ಒಯ್ದರೆ ನಲವತ್ತು ಮಕ್ಕಳು ಅದನ್ನು ಮುತ್ತುತ್ತಾರೆ. ಹುಡುಗರು ಜೋಡಿಸುತ್ತಾರೆ, ಹುಡುಗಿಯರು ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ಇದು ನಾನು ಕಂಡ ಮಾತು.

ಆದರೆ ಪಾಠದ ಅರ್ಧಕ್ಕೆ ಕಿಟ್ಟೇ ಬೇಡ. ಹಸು ಕಾಣದ ಮಗು ಈ ಕಡೆ ಇಲ್ಲ. ‘ನಾಳೆ ಬೆಳಿಗ್ಗೆ ಹಸು ಯಾವ ಕಾಲು ಮೊದಲು ಎತ್ತುತ್ತದೆ, ಆಮೇಲೆ ಯಾವುದು, ನೋಡಿಕೊಂಡು ಬನ್ನಿ’ ಎಂದರೆ ಸಾಕು. ನಿಧಾನ ನಡಿಗೆಯಲ್ಲಿ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ಸರದಿ ಕಾಣುತ್ತದೆ. ಹುಣಸೂರು, ಎಚ್.ಡಿ. ಕೋಟೆಯ ಕಾಡಂಚಿನ ಮಕ್ಕಳು ಆನೆಯನ್ನೂ ಗಮನಿಸಿ ಹೇಳಬಲ್ಲರು, ಅದರ ಸರದಿಯೂ ಇದೇ. ತರಗತಿಯಲ್ಲಿ ಇಬ್ಬರು ಮಕ್ಕಳನ್ನು ಅಂಬೆಗಾಲಿನಲ್ಲಿ ನಿಲ್ಲಿಸಿ ಒಂದು ಕೈ ಎತ್ತಲು ಹೇಳಿ. ಮೈ ತಾನಾಗಿ ಇನ್ನೊಂದು ಬದಿಗೆ ವಾಲುತ್ತದೆ. ಪ್ಲಾಸ್ಟಿಕ್ ಪ್ರಾಣಿಗೆ ಬಾರದ ವಿದ್ಯೆ ಅದೇ ಎಂದು ಮಕ್ಕಳಿಗೆ ಹೊಳೆಯುತ್ತದೆ. ರಟ್ಟು, ಐಸ್‌ಕ್ರೀಮ್ ಕಡ್ಡಿ, ಗುಂಡುಸೂಜಿಯಿಂದ ಕಾಲು ಮಾಡಿ ಕೈಯಿಂದಲೇ ಆಡಿಸಬಹುದು. ಕಿಟ್ ಕೊನೆಗೆ ಬರಲಿ. ಐದೈದು ಮಕ್ಕಳ ಗುಂಪು ಸರದಿಯಲ್ಲಿ ಅದನ್ನು ಮುಟ್ಟಲಿ, ಬರೆಯುವವರು ಮತ್ತು ಜೋಡಿಸುವವರು ಪ್ರತಿ ಸಲ ಬದಲಾಗಲಿ.

ಇದಕ್ಕೆ ಒಂದು ಅವಧಿ ಸಾಲದು, ಎರಡು ಬೇಕು. ಎರಡು ವರ್ಷದ ಬಿ.ಇಡ್‌ನಲ್ಲಿ ಶಾಲಾ ಇಂಟರ್ನ್‌ಶಿಪ್‌ಗೆ ಒಟ್ಟು 20 ವಾರ ಇರುವಾಗ ಎರಡು ಅವಧಿ ದುಬಾರಿಯಲ್ಲ.

ಕೊನೆಯದಾಗಿ ಸಹೋದ್ಯೋಗಿಗಳಲ್ಲಿ ಒಂದು ಕೋರಿಕೆ. ಅವಲೋಕನಾ ನಮೂನೆಯಲ್ಲಿ ‘ಉಪಕರಣ ಕೆಲಸ ಮಾಡಿತೇ?’ ಎಂಬ ಸಾಲನ್ನು ತೆಗೆದು, ‘ಅದು ಕೆಲಸ ಮಾಡದಿದ್ದಾಗ ಮಕ್ಕಳು ಏನು ಹೇಳಿದರು, ಏನು ಬದಲಿಸಿದರು?’ ಎಂದು ಬರೆಯೋಣ. ಪ್ರಶಿಕ್ಷಣಾರ್ಥಿಗಳು ಮುಂದಿನ ಪಾಠಯೋಜನೆಯನ್ನು ಬೇರೆ ರೀತಿಯಲ್ಲೇ ಬರೆದು ತರುತ್ತಾರೆ.