ಬೀಗ ಒಂದು, ಕೀಲಿಕೈ ಎರಡು

ಪಕ್ಕದ ಮನೆಯ ಮೇಷ್ಟ್ರು ಮುಂದಿನ ವಾರ ಮಗನನ್ನು ನೋಡಲು ಅಮೆರಿಕಕ್ಕೆ ಹೊರಟಿದ್ದಾರೆ. ಮೊನ್ನೆ ಸಂಜೆ ಕೈಯಲ್ಲಿ ದಪ್ಪನೆಯ ಬೀಗವೊಂದನ್ನು ಹಿಡಿದು ನಮ್ಮ ಮನೆಗೆ ಬಂದರು.

"ರಾಯರೇ, ನೀವು ಬ್ಯಾಂಕಿನಲ್ಲಿದ್ದವರು. ಬೀಗದ ವಿಷಯ ನಿಮ್ಮನ್ನು ಬಿಟ್ಟು ಯಾರನ್ನು ಕೇಳಲಿ? ವಿಮಾನದ ಹೊಟ್ಟೆಗೆ ಹಾಕುವ ಪೆಟ್ಟಿಗೆಗೆ ಬೀಗ ಹಾಕಬೇಕೋ, ಬೇಡವೋ?"

ನನಗೆ ನಗು ಬಂತು. ಅಂಥದೇ ಬೀಗ ನನ್ನ ಹತ್ತಿರವೂ ಇದೆ. ಆದರೆ ಅದರ ಕೊಂಡಿ ಎರಡು ತುಂಡಾಗಿದೆ.

ಇದು ಹನ್ನೆರಡು ವರ್ಷದ ಹಿಂದಿನ ಮಾತು. ಮಗಳಿಗೆ ಎರಡನೇ ಹೆರಿಗೆ. ಬಾಣಂತನಕ್ಕೆಂದು ನಾನೂ ನನ್ನಾಕೆಯೂ ಹೊರಟೆವು. ಸಾರಿನಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹಳೆಯ ಸೀರೆ ಹರಿದು ಹೊಲಿದ ದುಪ್ಪಟಿ, ಇವುಗಳ ನಡುವೆ ಒಂದು ಬೆಳ್ಳಿಯ ಒಳಲೆ. ಮಕ್ಕಳೇ, ಒಳಲೆ ಎಂದರೇನು ಗೊತ್ತೇ? ಹಸುಗೂಸಿಗೆ ಹಾಲು, ಔಷಧ ಕುಡಿಸಲು ಮೂತಿ ಇರುವ ಪುಟ್ಟ ಬಟ್ಟಲು. ಗೊತ್ತಿಲ್ಲದಿದ್ದರೆ ಅಜ್ಜಿಯನ್ನು ಕೇಳಿ, ತೋರಿಸುತ್ತಾರೆ. ಆ ಒಳಲೆಯಲ್ಲಿ ನಮ್ಮಮ್ಮ ನನಗೆ ಹಾಲು ಕುಡಿಸಿದ್ದಳು. ನನ್ನ ಮಗಳಿಗೂ ಅದರಲ್ಲೇ ಕುಡಿಸಿದ್ದಳು. ಬೆಳ್ಳಿ ನಾಲ್ಕು ತೊಲ ಇದ್ದೀತು. ಅದರ ಬೆಲೆ ಮಾತ್ರ ಯಾವ ಅಕ್ಕಸಾಲಿಗನಿಗೂ ತಿಳಿಯದು.

"ಅದನ್ನ ಕೈಚೀಲದಲ್ಲೇ ಇಟ್ಕೊಳ್ಳೋಣ ಕಣ್ರೀ" ಎಂದಳು ನನ್ನಾಕೆ.

"ಇಷ್ಟು ವರ್ಷ ಬ್ಯಾಂಕಿನ ಬೀಗದ ಕೈ ಕಾದವನು ನಾನು. ನನಗೇ ಹೇಳ್ತೀಯಾ?" ಎಂದು ಗದರಿ, ಒಳಲೆಯನ್ನು ಪೆಟ್ಟಿಗೆಯ ಮೂಲೆಯಲ್ಲಿಟ್ಟು, ಅಲಿಗಢದ ಹಿತ್ತಾಳೆ ಬೀಗ ಜಡಿದೆ. ಬ್ಯಾಂಕಿನ ಅಭ್ಯಾಸದಂತೆ ಮೂರು ಸಲ ಜಗ್ಗಿಯೂ ನೋಡಿದೆ.

ಮಗಳ ಮನೆ ತಲುಪಿ ನೋಡಿದರೆ ಪೆಟ್ಟಿಗೆಗೆ ಬೀಗವೇ ಇಲ್ಲ. ತೆರೆದಾಗ ಕತ್ತರಿಸಿದ ಬೀಗ ಬಟ್ಟೆಗಳ ಮೇಲೆ ಮಲಗಿತ್ತು. ಜೊತೆಗೊಂದು ಅಚ್ಚಾದ ಚೀಟಿ: ಭದ್ರತೆಗಾಗಿ ನಿಮ್ಮ ಪೆಟ್ಟಿಗೆಯನ್ನು ತೆರೆದು ನೋಡಿದ್ದೇವೆ ಎಂದು. ಇಟ್ಟ ಮೂಲೆಯಲ್ಲಿ ಒಳಲೆ ಇರಲಿಲ್ಲ.

"ಕದ್ದರು!" ಎಂದೆ. ಮೂರು ದಿನ ಅದೇ ಜಪ. ಮೊಮ್ಮಗಳಿಗೆ ಆಗ ಆರು ವರ್ಷ. ಅವಳು ಒಂದೇ ಪ್ರಶ್ನೆ ಕೇಳಿದಳು: "ತಾತ, ಅವರು ತೊಗೊಂಡಿದ್ದನ್ನ ನೀನು ನೋಡಿದ್ಯಾ?" ಅವಳ ಮೇಲೂ ರೇಗಿದೆ.

ನಾಲ್ಕನೇ ದಿನ ಚಳಿ ಹೆಚ್ಚಾಗಿ, ವಾಕಿಂಗ್ ಹೋಗಲು ಮಫ್ಲರ್ ತೆಗೆದೆ. ಒಳಗೆ ಗಟ್ಟಿಯಾಗಿ ಏನೋ ತಗುಲಿತು. ಬಿಚ್ಚಿದರೆ ಒಳಲೆ! ನಾನು ಸುತ್ತಿಟ್ಟಿದ್ದಲ್ಲ, ನನ್ನಾಕೆಯೂ ಅಲ್ಲ. ತಪಾಸಣೆ ಮಾಡಿದ ಆ ಪುಣ್ಯಾತ್ಮರು ಯಾರೋ, ಅದು ನಗ್ಗದಿರಲಿ ಎಂದು ಮಫ್ಲರಿನಲ್ಲಿ ಸುತ್ತಿ ನಡುವೆ ಇಟ್ಟಿದ್ದರು. ನಾನು ಅದನ್ನು ಬರಿಯ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ್ದೆ. ಅಂದು ಊಟ ರುಚಿಸಲಿಲ್ಲ. ಕ್ಷಮಿಸಿ ಎನ್ನೋಣವೆಂದರೆ ಅವರ ಹೆಸರೂ ಗೊತ್ತಿಲ್ಲ, ಮುಖವೂ ಗೊತ್ತಿಲ್ಲ. ಮೊಮ್ಮಗಳಿಗೆ ಮಾತ್ರ "ನೀನು ಕೇಳಿದ್ದೇ ಸರಿ ಕಂದ" ಎಂದು ಹೇಳಿದೆ.

ಮೇಷ್ಟ್ರಿಗೆ ಇಷ್ಟು ಹೇಳಿ, ಆಮೇಲೆ ಬೀಗದ ಲೆಕ್ಕ ವಿವರಿಸಿದೆ.

ಬ್ಯಾಂಕಿನ ಲಾಕರಿಗೆ ಎರಡು ಕೀಲಿ. ಒಂದು ಬ್ಯಾಂಕಿನದು, ಇನ್ನೊಂದು ಗ್ರಾಹಕರದು. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ವಿಮಾನದ ಪೆಟ್ಟಿಗೆಯ ಕಥೆ ಬೇರೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ನಿಯಮ ಬಿಗಿಯಾಯಿತು. 2003ರ ಆರಂಭದಿಂದ ವಿಮಾನದ ಹೊಟ್ಟೆಗೆ ಹೋಗುವ ಪ್ರತಿ ಪೆಟ್ಟಿಗೆಯೂ ತಪಾಸಣೆಯಾಗಬೇಕು. ಅನುಮಾನ ಬಂದರೆ, ನಾವು ಎದುರಿಗೆ ಇಲ್ಲದಿದ್ದರೂ ತೆರೆಯುತ್ತಾರೆ. ಬೀಗ ಅಡ್ಡ ಬಂದರೆ ಕತ್ತರಿಸುತ್ತಾರೆ. ಅದಕ್ಕೇ ಅದೇ ವರ್ಷ 'ಟಿಎಸ್‌ಎ ಬೀಗ' ಎಂಬುದು ಬಂತು. ಹಲವದರ ಮೇಲೆ ಕೆಂಪು ವಜ್ರದಾಕಾರದ ಗುರುತಿರುತ್ತದೆ. ಅಂಕಿ ತಿರುಗಿಸಿ ನಾವು ತೆರೆಯುತ್ತೇವೆ. ಪಕ್ಕದ ಪುಟ್ಟ ಕಿಂಡಿಗೆ ತಮ್ಮ ಕೀಲಿ ಹಾಕಿ ಅವರು ತೆರೆಯುತ್ತಾರೆ. ಜಂಟಿ ಖಾತೆಯ ಭಾಷೆಯಲ್ಲಿ ಹೇಳುವುದಾದರೆ, ಲಾಕರು 'ಇಬ್ಬರೂ ಸೇರಿ', ಈ ಬೀಗ 'ಇಬ್ಬರಲ್ಲಿ ಯಾರಾದರೂ'.

"ಹಾಗಾದರೆ ಭದ್ರವೋ?" ಎಂದರು ಮೇಷ್ಟ್ರು.

ಪೂರ್ತಿ ಅಲ್ಲ. ಆ ಕೀಲಿಗಳ ಫೋಟೋ ಪತ್ರಿಕೆಯೊಂದರಲ್ಲಿ ಅಚ್ಚಾಗಿಹೋಗಿ, 2015ರಲ್ಲಿ ಜನ ತ್ರೀಡಿ ಪ್ರಿಂಟರಿನಲ್ಲಿ ನಕಲಿ ಕೀಲಿ ಮಾಡಿ ತೋರಿಸಿದರು. ಬೀಗದ ಮಾತಿರಲಿ, ಜಿಪ್ಪನ್ನೇ ಬಾಲ್‌ಪೆನ್ನಿನ ಮೊನೆ ಚುಚ್ಚಿ ಬಿಡಿಸಬಹುದು. ಆದರೂ ಬೀಗ ಹಾಕಿ ಎಂದೇ ನಾನು ಹೇಳುವುದು. ಎತ್ತಿ ಎಸೆಯುವಾಗ ಜಿಪ್ಪು ತಾನೇ ತೆರೆದುಕೊಳ್ಳದಂತೆ ಅದು ತಡೆಯುತ್ತದೆ. ಸುಮ್ಮನೆ ಕೈಯಾಡಿಸುವವರಿಗೂ ಒಂದು ಅಡ್ಡಿ. ಅಷ್ಟೇ ಅದರ ಕೆಲಸ. ಒಡವೆ, ಹಣ, ಪಾಸ್‌ಪೋರ್ಟು, ದಿನವೂ ನುಂಗುವ ಮಾತ್ರೆ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕನ್ನಂತೂ ಪೆಟ್ಟಿಗೆಯಲ್ಲಿ ಹಾಕುವಂತೆಯೇ ಇಲ್ಲ, ಬೆಂಕಿಯ ಭಯ.

ಪೆಟ್ಟಿಗೆ ಮುಚ್ಚುವ ಮೊದಲು ಒಳಗಿನದರ ಫೋಟೋ ತೆಗೆಯಿರಿ. ಹೆಸರು, ವಿಳಾಸ ಬರೆದ ಚೀಟಿ ಒಳಗೂ ಒಂದಿರಲಿ, ಹೊರಗಿನದು ಕಿತ್ತುಹೋಗಬಹುದು. ಪೆಟ್ಟಿಗೆ ಕೈಗೆ ಬಂದ ಕೂಡಲೇ, ಮನೆಗೆ ಹೊರಡುವ ಮೊದಲೇ ನೋಡಿಕೊಳ್ಳಿ. ವಿದೇಶ ಪ್ರಯಾಣದಲ್ಲಿ ಸಾಮಾನು ಹಾಳಾಗಿದ್ದರೆ 7 ದಿನದೊಳಗೆ ವಿಮಾನ ಕಂಪನಿಗೆ ಬರೆದು ದೂರು ಕೊಡಬೇಕು. ಬಾಯಿಮಾತು ಲೆಕ್ಕಕ್ಕಿಲ್ಲ.

ಮೇಷ್ಟ್ರು ತಲೆಯಾಡಿಸಿ, "ತಿಪಟೂರು ಕೊಬ್ಬರಿ ಎರಡು ಕೇಜಿ ತುಂಬಿದ್ದೀನಿ, ಅದಕ್ಕೇನೂ ತೊಂದರೆ ಇಲ್ಲವಲ್ಲ?" ಎಂದರು. ಅಯ್ಯೋ, ಮೊದಲು ಅದನ್ನು ತೆಗೆಯಿರಿ ಎಂದೆ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುವೆಂದು ವಿಮಾನಯಾನದ ಪಟ್ಟಿಯಲ್ಲಿದೆ. ನಮ್ಮಲ್ಲಿ ಚೆಕ್-ಇನ್ ಪೆಟ್ಟಿಗೆಯಲ್ಲಿ ಅದನ್ನು ಬಿಡುವುದಿಲ್ಲ. ಮೇಷ್ಟ್ರು ಬೀಗವನ್ನು ನಮ್ಮ ಮೇಜಿನ ಮೇಲೇ ಮರೆತು ಮನೆಗೆ ಓಡಿದರು. ಮರುದಿನ ಅರ್ಧ ಕೊಬ್ಬರಿ ನಮ್ಮ ಅಡುಗೆಮನೆಗೆ ಬಂತು.

ಆ ಒಳಲೆ ಈಗ ಮಗಳ ಮನೆಯಲ್ಲಿದೆ. ಮುಂದಿನ ಸಲ ಅದು ಊರಿಗೆ ಬರುವುದಾದರೆ, ನನ್ನಾಕೆಯ ಕೈಚೀಲದಲ್ಲಿ ಬರುತ್ತದೆ.

ಮಕ್ಕಳೇ, ಈ ವಾರದ ಲೆಕ್ಕ: ಒಂದು ಬೀಗದಲ್ಲಿ ಮೂರು ಚಕ್ರ. ಪ್ರತಿ ಚಕ್ರದಲ್ಲೂ 0ಯಿಂದ 9ರವರೆಗೆ ಅಂಕಿ. ಒಂದೊಂದು ಸಂಖ್ಯೆ ಹಾಕಿ ನೋಡಲು 3 ಸೆಕೆಂಡ್ ಬೇಕು. ಎಲ್ಲ ಸಂಖ್ಯೆಗಳನ್ನೂ ಹಾಕಿ ಮುಗಿಸಲು ಎಷ್ಟು ನಿಮಿಷ? ಉತ್ತರ ಸಿಕ್ಕ ಮೇಲೆ, ಬೀಗವನ್ನು ಎಷ್ಟು ನಂಬಬಹುದು ಎಂದು ನೀವೇ ತಾತನಿಗೆ ಹೇಳಿ.