ಕಳ್ಳ ಒಳಗಿರುವಾಗ ಬೀಗ ಬದಲಿಸಿದರೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಎಷ್ಟೋ ಮನೆಗಳಲ್ಲಿ ಮಕ್ಕಳ ಓದಿಗೂ ಅಪ್ಪನ ಹಣಕಾಸಿಗೂ ಒಂದೇ ಮೊಬೈಲು. 2024ರಲ್ಲಿ ದೇಶದ ಹಲವೆಡೆ ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆಯ ವೇಷದಲ್ಲಿ ಎಪಿಕೆ ಕಡತಗಳು ಬಂದವು. ಅಳವಡಿಸಿಕೊಂಡವರ ಫೋನಿಗೆ ಕುತಂತ್ರಾಂಶ ಹೊಕ್ಕಿತು.

ಇಂಥ ಶಂಕೆ ಬಂದರೆ ಫೇಸ್‌ಬುಕ್ ಖಾತೆಗೆ ಬೀಗ ಹಾಕುವುದುಂಟು. ಅದು ಶಿಕ್ಷೆಯಲ್ಲ, ಕಾವಲು. ಬೈಗುಳಕ್ಕೆ ಹೆದರಿದ ಮಗು ವಿಷಯ ಮುಚ್ಚಿಟ್ಟು, ಅದೇ ಫೋನಿನಲ್ಲಿ ಪಾಸ್‌ವರ್ಡ್ ಬದಲಿಸಿದರೆ ಒಳಗೆ ಕೂತ ಕಳ್ಳನಿಗೆ ಹೊಸ ಕೀಲಿಕೈಯನ್ನೂ ಕೊಟ್ಟಂತೆ! ಮೊದಲು ಫೋನು ಶುಚಿಯಾಗಬೇಕು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇದಕ್ಕೆ ಉಚಿತ ಸಾಧನ ಒದಗಿಸುತ್ತಿದೆ. ಪಾಸ್‌ವರ್ಡ್ ಬದಲಿಸುವುದು ಬೇರೆ ಫೋನಿನಿಂದ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು? ಮಗು ಬಂದು ಹೇಳಿದಾಗ ಬೈಯದ ಮನೆಯೇ ಭದ್ರ.