ನಡಿಗೆಯೂ ಔಷಧವೇ



ಹೃದಯದ ಶಸ್ತ್ರಚಿಕಿತ್ಸೆಗೆಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಇಲ್ಲವೆ ಶಿವಮೊಗ್ಗ, ಬೆಂಗಳೂರುಗಳಿಗೋ ಹೋಗಿಬರುವುದು ಈಗ ಅಪರೂಪವಲ್ಲ. ಹಾಗೆ ಮರಳಿದ ಹಿರಿಯರಲ್ಲಿ ಕೆಲವರನ್ನು ಮನೆಯವರು ಮಂಚದಿಂದ ಇಳಿಯಗೊಡುವುದಿಲ್ಲ. ಮತ್ತೆ ಕೆಲವರು ಕೊನೆಕೊಯ್ಲು ಬಂತೆಂದು ಮೂರನೆಯ ವಾರದಲ್ಲಿಯೇ ತೋಟಕ್ಕಿಳಿಯುತ್ತಾರೆ. ಎರಡೂ ಹಾನಿಕರ.

ಆರು ವರ್ಷಗಳ ಹಿಂದೆ ನನಗೂ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ನಾನು ಮೊದಲನೆಯ ಬಗೆಗೆ ಸೇರಿದವನಾದೆ. “ಮಾವ, ನೀವು ಏಳಬೇಡಿ, ನಾನೇ ತಂದುಕೊಡುತ್ತೇನೆ” ಎಂದು ಸೊಸೆ ಪ್ರೀತಿಯಿಂದ ಹೇಳುತ್ತಿದ್ದಳು. ಎದೆ ಬಿಚ್ಚಿಕೊಂಡೀತೆಂಬ ಭಯ ನನ್ನೊಳಗಿದ್ದುದರಿಂದ ಆ ಮಾತು ಹಿತವಾಗಿಯೇ ಇತ್ತು. ಎರಡು ವಾರ ಕಳೆಯುವಷ್ಟರಲ್ಲಿ ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು ಹತ್ತಲೂ ಏದುಸಿರು ಬರುವಂತಾಯಿತು. ತಪಾಸಣೆಗೆ ಹೋದಾಗ ವ್ಯಾಯಾಮ ಕಲಿಸುವ ಫಿಸಿಯೋಥೆರಪಿ ತಜ್ಞರು, ನಡೆಯದಿದ್ದುದೇ ಈ ನಿತ್ರಾಣಕ್ಕೆ ಕಾರಣವೆಂದು ತಿಳಿಸಿದರು.

ವೈದ್ಯರೂ ಒಂದು ಕಾಲದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಮಲಗಿಸಿಯೇ ಇಡುತ್ತಿದ್ದರು. 1952ರಲ್ಲಿ ಅಮೆರಿಕದ ಲೆವಿನ್ ಮತ್ತು ಲೋನ್ ಎಂಬ ವೈದ್ಯರು ಅಂಥ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿ, ಅದರಿಂದ ಒಳಿತೇ ಆಯಿತೆಂದು ಪ್ರಕಟಿಸಿದರು. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಶ್ವಾಸಕೋಶದಲ್ಲಿ ಕಫ ನಿಲ್ಲಬಹುದು, ಸ್ನಾಯುಗಳು ಸೊರಗುತ್ತವೆ. ಆದುದರಿಂದಲೇ ಇಂದು ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲಿಯೇ ರೋಗಿಯನ್ನು ಎಬ್ಬಿಸಿ ಕೂರಿಸಿ, ನಡೆಸಲು ತೊಡಗುತ್ತಾರೆ.

ಆದರೆ ಎದೆಯ ಮೂಳೆಯ ವಿಷಯ ಬೇರೆ. ಅದನ್ನು ಉದ್ದಕ್ಕೆ ಸೀಳಿ, ಕೊನೆಗೆ ಲೋಹದ ತಂತಿಯಿಂದ ಬಿಗಿದಿರುತ್ತಾರೆ. ಅದು ಚೆನ್ನಾಗಿ ಕೂಡಿಕೊಳ್ಳಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಸುಮಾರು 5 ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದು. ಬಾವಿಯಿಂದ ನೀರು ಸೇದಬಾರದು. ಅಡಿಕೆ ಗೊನೆ ಹೊರಬಾರದು. ಏಳುವಾಗ ಕೈಯೂರಿ ಮೈಯೆತ್ತದೆ, ಪಕ್ಕಕ್ಕೆ ಹೊರಳಿ ಕಾಲುಗಳನ್ನು ಇಳಿಬಿಟ್ಟು ಏಳಬೇಕು. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅವಚಿಕೊಳ್ಳಬೇಕು.

ಮಾಡಬೇಕಾದುದು ಕಠಿಣವಲ್ಲ. ಆರಂಭದ ದಿನಗಳಲ್ಲಿ, ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ ದೀರ್ಘವಾಗಿ ಉಸಿರೆಳೆದು, ತುಸು ತಡೆದು, ಮೆಲ್ಲನೆ ಬಿಡಬೇಕು. ಕುಳಿತಲ್ಲಿಯೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಹೆಗಲು ಬಿಗಿಯದಂತೆ ಅವನ್ನು ಮೆಲ್ಲಗೆ ತಿರುಗಿಸಬೇಕು. ನಡಿಗೆಯನ್ನು ಸಮತಟ್ಟಾದ ನೆಲದಲ್ಲಿ 5 ನಿಮಿಷದಿಂದ ಆರಂಭಿಸಿ, ದಿನಕ್ಕೆ ಮೂರು ನಾಲ್ಕು ಸಲ ಮಾಡಿ, ಕ್ರಮೇಣ ಹೆಚ್ಚಿಸಬೇಕು. ಮಳೆಗಾಲದಲ್ಲಿ ಜಗಲಿಯೇ ಸಾಕು: 30 ಅಡಿಯ ಜಗಲಿಯಲ್ಲಿ ಹತ್ತು ಸಲ ಹೋಗಿಬಂದರೆ 600 ಅಡಿಯಾಯಿತು. ನಡೆಯುತ್ತ ಮಾತನಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಮಾತು ತುಂಡಾದರೆ ನಿಧಾನಿಸಬೇಕು. ನಮ್ಮಲ್ಲಿ ತೋಟಕ್ಕೆ ಇಳಿಯುವುದು ಸುಲಭ, ದಣಿದ ಮೇಲೆ ಹತ್ತಿಬರುವುದು ಕಷ್ಟ. ಏರುತಗ್ಗಿನ ದಾರಿ ಸ್ವಲ್ಪ ಕಾಲ ಬೇಡ.

ನಡಿಗೆಯಲ್ಲಿ ಎದೆನೋವು, ತಲೆಸುತ್ತು, ತೀವ್ರ ಏದುಸಿರು ಕಂಡರೆ ಕೂಡಲೇ ನಿಲ್ಲಬೇಕು. ನಿಂತ ಮೇಲೂ ಶಮನವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎದೆಮೂಳೆ ‘ಕಟಕಟ’ ಎಂದರೆ, ಗಾಯ ಕೆಂಪಾಗಿ ಸೋರಿದರೆ, ಜ್ವರ ಬಂದರೆ ವೈದ್ಯರಿಗೆ ತಿಳಿಸಬೇಕು. ಅವರು ನಿಮ್ಮನ್ನೇ ನೋಡಿ ಹೇಳಿದ ಮಿತಿ ಈ ಲೇಖನಕ್ಕಿಂತ ದೊಡ್ಡದು.

ಪೂಜೆಯ ಸಂಗತಿಯನ್ನು ಅನೇಕರು ಕೇಳುತ್ತಾರೆ. ನೆಲದಿಂದ ಏಳಲು ಕೈಯೂರಬೇಕಾಗುವುದರಿಂದ ಕೆಲವು ಕಾಲ ಕುರ್ಚಿಯಲ್ಲಿ ಕುಳಿತೇ ಲಿಂಗಪೂಜೆ ಮಾಡಬಹುದು. ಮೊಣಕೈಯನ್ನು ಮೈಗೆ ಒತ್ತಾಗಿ ಇರಿಸಿಕೊಂಡರೆ ಕರಸ್ಥಲದ ಇಷ್ಟಲಿಂಗ ಎದೆಗೆ ಭಾರವಾಗದು. ದೀರ್ಘದಂಡ ನಮಸ್ಕಾರ ಮಾತ್ರ ಮೂಳೆ ಕೂಡುವವರೆಗೆ ಬೇಡ. ಮಠಕ್ಕೆ ಮೊದಲ ಸಲ ಹೋದಾಗ ನಿಂತೇ ಕೈಮುಗಿಯಬೇಕಾಗಿ ನನ್ನ ಕಣ್ಣು ತುಂಬಿತ್ತು. ಆದರೆ ಬಾಗಿದ ಮನಸ್ಸಿಗೆ ನಿಂತ ದೇಹ ಅಡ್ಡಿಯಲ್ಲವೆಂದು ಆಮೇಲೆ ತಿಳಿಯಿತು.

ಮನೆಯ ಮಕ್ಕಳಲ್ಲಿ, ಸೊಸೆಯಂದಿರಲ್ಲಿ ನನ್ನದೊಂದು ವಿನಂತಿ. “ಏಳಬೇಡಿ” ಎನ್ನುವ ಬದಲು “ಏಳಿ, ನಾನೂ ಬರುತ್ತೇನೆ” ಎನ್ನಿರಿ. ತಪಾಸಣೆಯಿಂದ ಮರಳಿದ ಮರುದಿನದಿಂದ ನಮ್ಮ ಸೊಸೆ ಸಂಜೆ ಜಗಲಿಯಲ್ಲಿ ನನ್ನ ಜೊತೆ ನಡೆದಳು. ಎಂಟನೆಯ ವಾರ ನಾವಿಬ್ಬರೂ ಮಾತನಾಡುತ್ತ ಊರಬಾಗಿಲವರೆಗೆ ಹೋಗಿಬಂದೆವು.